ಪೈಲ್ ಟೆಸ್ಟ್ ಪಾಸಾಯ್ತು ಅಂದ್ರೆ ಪಾಸಾಗಿದ್ದು ಏನು?

ಮಣ್ಣು ಮತ್ತು ಅಡಿಪಾಯದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಅಂಕಣದಲ್ಲಿ ಉತ್ತರ ಕೊಡುತ್ತೇನೆ. ನಾನು ಜಿಯೋಟೆಕ್ನಿಕಲ್ ಎಂಜಿನಿಯರ್. ಕೆಲಸದ ಹೆಚ್ಚಿನ ಕಾಲ ಕಳೆದದ್ದು ಕರಾವಳಿಯಲ್ಲಿ, ಪೈಲ್ ಲೋಡ್ ಟೆಸ್ಟ್ ಮಾಡಿಸುವುದರಲ್ಲಿ. ಪೈಲ್ ಅಂದರೆ ನೆಲದಾಳಕ್ಕೆ ಗುಂಡಿ ಕೊರೆದು ಕಾಂಕ್ರೀಟ್ ತುಂಬಿ ಮಾಡುವ ಅಡಿಪಾಯದ ಕಂಬ, ಅದರ ಮೇಲೆ ಭಾರ ಹಾಕಿ ನೋಡುವುದು ಲೋಡ್ ಟೆಸ್ಟ್. ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಅದರ ಸುತ್ತಲೇ ಇವೆ.

ಪ್ರಶ್ನೆ: ಮೇಡಂ, ಮಂಗಳೂರಿನಲ್ಲಿ ಫಲ್ಗುಣಿ ನದಿ ಹತ್ತಿರ ಒಂದು ಫ್ಲ್ಯಾಟ್ ಬುಕ್ ಮಾಡಿದ್ದೇವೆ. ಮೊದಲು ಅದು ಗದ್ದೆ, ಆಮೇಲೆ ಕೆಂಪು ಮಣ್ಣು ತುಂಬಿಸಿ ಎತ್ತರ ಮಾಡಿದ್ದಾರೆ. ಒಟ್ಟು 200 ಪೈಲ್. ಒಂದೊಂದೂ 600 ಮಿ.ಮೀ. ದಪ್ಪ, 20 ಮೀಟರ್ ಆಳ, 100 ಟನ್ ಹೊರುತ್ತದಂತೆ. ಬಿಲ್ಡರ್ ಒಂದು ಹಾಳೆ ತೋರಿಸಿ, ‘ಲೋಡ್ ಟೆಸ್ಟ್ ಪಾಸಾಗಿದೆ, 150 ಟನ್ ಹಾಕಿದರೂ ಇಳಿದದ್ದು 0.8 ಮಿ.ಮೀ. ಮಾತ್ರ’ ಅಂದರು. ನಾವು ನೆಮ್ಮದಿಯಿಂದ ಇರಬಹುದಾ? (ಮಂಗಳೂರಿನ ಓದುಗರು)

ಉತ್ತರ: ಆ 0.8 ನೋಡಿ ನನಗೆ ನೆಮ್ಮದಿಗಿಂತ ಅನುಮಾನವೇ ಜಾಸ್ತಿ ಬಂತು. ಯಾಕೆ ಅಂತ ಹೇಳುತ್ತೇನೆ.

ಮೊದಲು ಟೆಸ್ಟ್ ನಡೆಯುವ ರೀತಿ ನೋಡೋಣ. ನಮ್ಮಲ್ಲಿ ಇದಕ್ಕೆ ಐಎಸ್ (ಭಾರತೀಯ ಮಾನಕ) 2911ರ ನಾಲ್ಕನೇ ಭಾಗವೇ ಆಧಾರ. 1985ರದ್ದು ಇತ್ತು, 2013ರಲ್ಲಿ ಪರಿಷ್ಕರಿಸಿದರು. ಕಟ್ಟಡದ ಕೆಳಗೆ ನಿಜವಾಗಿ ಕೂರುವ ಪೈಲಿನ ಮೇಲೆ ಮಾಡುವುದು ರೊಟೀನ್ ಟೆಸ್ಟ್. ಹೊರಬೇಕಾದ ಭಾರದ ಒಂದೂವರೆ ಪಟ್ಟು ಹಾಕಬೇಕು. ನಿಮ್ಮ ಲೆಕ್ಕದಲ್ಲಿ 150 ಟನ್, ಅದು ಸರಿಯಾಗಿದೆ. ಪೈಲಿನ ತಲೆಯನ್ನು ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಚಿಪ್ಪಿಂಗ್ ಮಾಡಿ, ಮಟ್ಟ ಮಾಡಿ, ಉಕ್ಕಿನ ಪ್ಲೇಟ್ ಕೂರಿಸುತ್ತಾರೆ. ಅದರ ಮೇಲೆ ಹೈಡ್ರಾಲಿಕ್ ಜಾಕ್. ಜಾಕಿನ ಮೇಲೆ ಗರ್ಡರ್ ಅಟ್ಟ ಕಟ್ಟಿ ಮರಳು ಮೂಟೆಯನ್ನೋ ಕಾಂಕ್ರೀಟ್ ಬ್ಲಾಕನ್ನೋ ಪೇರಿಸುತ್ತಾರೆ. ಜಾಕ್ ಆ ರಾಶಿಯನ್ನು ಮೇಲಕ್ಕೆ ಒತ್ತಿದಾಗ ಪೈಲ್ ಕೆಳಕ್ಕೆ ಒತ್ತಿಸಿಕೊಳ್ಳುತ್ತದೆ. ಇಪ್ಪತ್ತಿಪ್ಪತ್ತು ಟನ್ ಏರಿಸುತ್ತಾ ಹೋಗಬೇಕು. ಪ್ರತಿ ಹಂತದಲ್ಲೂ ಇಳಿಯುವ ವೇಗ ತೀರಾ ಕಡಿಮೆ ಆಗುವವರೆಗೆ, ಇಲ್ಲವೇ ಎರಡು ಗಂಟೆ ಆಗುವವರೆಗೆ ಕಾಯಬೇಕು. ಕೊನೆಯ ಭಾರವನ್ನು 24 ಗಂಟೆ ಹಾಗೇ ಹಿಡಿದಿಡಬೇಕು. 600 ಮಿ.ಮೀ.ವರೆಗಿನ ಪೈಲ್ ಒಟ್ಟು 12 ಮಿ.ಮೀ. ಒಳಗೆ ಇಳಿದರೆ ಪಾಸ್.

12ರ ಮಿತಿ ಇರುವಲ್ಲಿ 0.8 ಬಂದರೆ ಒಳ್ಳೆಯದೇ ಅಲ್ವಾ ಅಂತ ನೀವು ಕೇಳಬಹುದು. ಆದರೆ ಕಾಂಕ್ರೀಟ್ ಕೂಡ ಭಾರಕ್ಕೆ ಕುಗ್ಗುತ್ತದೆ. 150 ಟನ್ ಪೂರ್ತಿ ಬುಡದವರೆಗೆ ಇಳಿದರೆ, ನಿಮ್ಮ 20 ಮೀಟರ್ ಪೈಲ್ ತಾನೇ ಸುಮಾರು 4 ಮಿ.ಮೀ. ಗಿಡ್ಡ ಆಗುತ್ತದೆ. ಬುಡದ ಮಣ್ಣು ಒಂದು ಕೂದಲಷ್ಟೂ ಅಲುಗಾಡದಿದ್ದರೂ ತಲೆ ಅಷ್ಟು ಇಳಿಯಲೇಬೇಕು. ಭಾರ ತೆಗೆದ ಮೇಲೆ ಅದು ಹೆಚ್ಚುಕಮ್ಮಿ ವಾಪಸ್ ಬರುತ್ತದೆ. ಹಾಗಾಗಿ 5 ಮಿ.ಮೀ. ಇಳಿದು 4 ಮಿ.ಮೀ. ವಾಪಸ್ ಬಂದ ವರದಿ ಕಂಡರೆ ನನಗೆ ಸಂತೋಷ. ಬರೀ 0.8 ಅಂದರೆ ಎರಡರಲ್ಲಿ ಒಂದು. ಅಳತೆ ಸರಿಯಿಲ್ಲ, ಇಲ್ಲವೇ ಭಾರ ಬುಡಕ್ಕೆ ಹೋಗಲೇ ಇಲ್ಲ.

ಅಳತೆ ತಪ್ಪಲು ದಾರಿ ಹಲವು. ಇಳಿತ ಅಳೆಯುವುದು ಡಯಲ್ ಗೇಜಿನಿಂದ, 0.01 ಮಿ.ಮೀ.ವರೆಗೆ ಓದುತ್ತದೆ. ಅದನ್ನು ಡೇಟಮ್ ಬಾರ್ ಎಂಬ ಉಕ್ಕಿನ ಪಟ್ಟಿಗೆ ಕಟ್ಟಿರುತ್ತಾರೆ. ಆ ಪಟ್ಟಿಯ ಕಾಲುಗಳು ಪೈಲಿನಿಂದ ಸಾಕಷ್ಟು ದೂರ ಇರಬೇಕು, ಕನಿಷ್ಠ ಒಂದೂವರೆ ಮೀಟರ್. ಹತ್ತಿರ ನೆಟ್ಟರೆ ಪೈಲಿನ ಜೊತೆ ಅದರ ಸುತ್ತಲಿನ ಮಣ್ಣೂ ಇಳಿಯುತ್ತದೆ, ಮಣ್ಣಿನ ಜೊತೆ ಪಟ್ಟಿಯೂ ಇಳಿಯುತ್ತದೆ. ಗೇಜಿನ ಮುಳ್ಳು ನಿಂತಲ್ಲೇ ನಿಂತಿರುತ್ತದೆ. ಇನ್ನು ಜಾಕಿನ ಲೆಕ್ಕ. ರ‍್ಯಾಮಿನ (ಜಾಕಿನಲ್ಲಿ ಮೇಲಕ್ಕೆ ಒತ್ತುವ ದಂಡ) ವಿಸ್ತೀರ್ಣ 500 ಚದರ ಸೆಂ.ಮೀ. ಇದ್ದರೆ ಪ್ರೆಶರ್ ಗೇಜ್ ಚದರ ಸೆಂ.ಮೀ.ಗೆ 300 ಕೆ.ಜಿ. ತೋರಿಸಿದಾಗ 150 ಟನ್. ಗೇಜ್ ಹಳೆಯದಾಗಿ ಜಾಸ್ತಿ ತೋರಿಸುತ್ತಿದ್ದರೆ ಪೈಲಿನ ಮೇಲೆ 150 ಬಿದ್ದೇ ಇರುವುದಿಲ್ಲ. ಅದಕ್ಕೇ ಜಾಕ್ ಮತ್ತು ಗೇಜಿನ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಕೇಳಿ. ಟೆಸ್ಟ್ ನಡೆದ ದಿನಕ್ಕೆ ಅದರ ಅವಧಿ ಮುಗಿದಿರಬಾರದು.

ನಿಮಗೆ ತೋರಿಸಿದ್ದು ಒಂದೇ ಹಾಳೆ. ಅದರ ಹಿಂದೆ ಗಂಟೆ ಗಂಟೆಯ ಓದಿನ ಹಾಳೆಗಳು ಇರಲೇಬೇಕು. ನಾನು ವರದಿ ಕೈಗೆ ಬಂದರೆ ಗ್ರಾಫ್ ಬಿಟ್ಟು ಮೊದಲು ಆ ಹಾಳೆಗಳನ್ನೇ ತೆರೆಯುವುದು. ನಿಜವಾಗಿ ಕೂತು ಬರೆದ ಓದುಗಳು ಅಷ್ಟು ನೀಟಾಗಿ ಇರುವುದಿಲ್ಲ. ಬೆಳಗ್ಗೆ ಒಂಬತ್ತರ ಬಿಸಿಲು ಡೇಟಮ್ ಬಾರಿನ ಮೇಲ್ಮೈಗೆ ಬಿದ್ದು ಕೆಳಮೈ ಇನ್ನೂ ತಣ್ಣಗಿದ್ದರೆ ಬಾರ್ ಬಾಗುತ್ತದೆ, ಮುಳ್ಳು ಸರಿಯುತ್ತದೆ. ಅರ್ಧ ಮಿ.ಮೀ., ಕೆಲವೊಮ್ಮೆ ಒಂದು ಮಿ.ಮೀ. ಸುಮ್ನೆ ಬಿಸಿಲಿಗೇ ಓಡಾಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೆ ಟಾರ್ಪಾಲು ಕಟ್ಟಿ ನೆರಳು ಮಾಡುತ್ತೇವೆ. ಆದರೂ ಹಗಲು ರಾತ್ರಿಯ ವ್ಯತ್ಯಾಸ ಅಂಕಿಗಳಲ್ಲಿ ಚೂರು ಕಾಣುತ್ತದೆ. ಪಕ್ಕದಲ್ಲಿ ಟಿಪ್ಪರ್ ಹೋದರೆ ಅದೂ ಕಾಣುತ್ತದೆ. ಒಂದು ಸೈಟಿನ ವರದಿಯಲ್ಲಿ 24 ಗಂಟೆಯ ಓದೂ ಒಂದೇ ಪೆನ್ನಿನಲ್ಲಿ, ಒಂದೇ ಓಟದ ಅಕ್ಷರದಲ್ಲಿ, ನಾಲ್ಕು ಗೇಜಿಗೂ ಒಂದೇ ಅಂಕಿ ಇತ್ತು. ನಾಲ್ಕು ಮೂಲೆ ಯಾವತ್ತೂ ಒಂದೇ ಸಮ ಇಳಿಯುವುದಿಲ್ಲ. ಆ ಟೆಸ್ಟನ್ನು ನಾವು ಒಪ್ಪಲಿಲ್ಲ, ಮತ್ತೆ ಮಾಡಿಸಿದೆವು.

ಇನ್ನು ಎರಡನೇ ಸಾಧ್ಯತೆ, ಭಾರ ಬುಡಕ್ಕೆ ಹೋಗದಿರುವುದು. ನಿಮ್ಮ ಜಾಗದಲ್ಲಿ ನನಗೆ ನಿಜವಾದ ಚಿಂತೆ ಇದೇ. ಪೈಲ್ ಎರಡು ರೀತಿಯಲ್ಲಿ ಭಾರ ಹೊರುತ್ತದೆ. ಮೈಗೆ ಅಂಟಿದ ಮಣ್ಣಿನ ಹಿಡಿತದಿಂದ ಸ್ವಲ್ಪ, ಬುಡದ ಗಟ್ಟಿ ಪದರದಿಂದ ಸ್ವಲ್ಪ. ನಿಮ್ಮಲ್ಲಿ ಮೇಲೆ ಹೊಸದಾಗಿ ತುಂಬಿದ ಕೆಂಪು ಮಣ್ಣು, ಅದರ ಕೆಳಗೆ ಗದ್ದೆಯ, ಹೊಳೆಯ ಮೆತ್ತಗಿನ ಕೆಸರು. ಇನ್ನೂ ಕೆಳಗೆ ಸಾಮಾನ್ಯವಾಗಿ ನಮ್ಮ ಶೇಡಿ ಮಣ್ಣೋ (ಮುರಕಲ್ಲಿನ ಅಡಿಯಲ್ಲಿ ಸಿಗುವ ಜೇಡಿಯಂಥ ಮಣ್ಣು) ಕೊಳೆತ ಬಂಡೆಯೋ ಸಿಗುತ್ತದೆ. ಟೆಸ್ಟ್ ದಿನ ಆ ಕೆಂಪು ಮಣ್ಣೂ ಕೆಸರೂ ಪೈಲಿನ ಮೈ ಹಿಡಿದುಕೊಂಡು ಸಹಾಯ ಮಾಡುತ್ತವೆ. ಓದು ಚೆನ್ನಾಗಿಯೇ ಬರುತ್ತದೆ. ಆದರೆ ತುಂಬಿದ ಮಣ್ಣಿನ ಭಾರಕ್ಕೆ ಕೆಸರಿನೊಳಗಿನ ನೀರು ನಿಧಾನವಾಗಿ ಹೊರಗೆ ಹೋಗುತ್ತಾ, ಕೆಸರು ವರ್ಷಗಟ್ಟಲೆ ಕುಗ್ಗುತ್ತದೆ. ಕುಗ್ಗುವಾಗ ಪೈಲಿನ ಮೈ ಬಿಡುವುದಿಲ್ಲ, ಅದನ್ನೂ ಕೆಳಕ್ಕೆ ಎಳೆಯುತ್ತದೆ. ಟೆಸ್ಟ್ ದಿನ ಎತ್ತಿ ಹಿಡಿದಿದ್ದ ಅದೇ ಮಣ್ಣು ಆಮೇಲೆ ಪೈಲಿಗೆ ಹೊರೆ ಆಗುತ್ತದೆ. ಎಂಜಿನಿಯರುಗಳು ಇದನ್ನು ನೆಗೆಟಿವ್ ಸ್ಕಿನ್ ಫ್ರಿಕ್ಷನ್ ಅನ್ನುತ್ತಾರೆ. 24 ಗಂಟೆಯ ಟೆಸ್ಟಿನಲ್ಲಿ ಇದು ಕಾಣಿಸಲು ದಾರಿಯೇ ಇಲ್ಲ.

ಇದಕ್ಕೆ ಪರಿಹಾರ ಡಿಸೈನಿನಲ್ಲಿದೆ. ಮೇಲಿನ ಪದರಗಳ ಹಿಡಿತವನ್ನು ಲೆಕ್ಕದಿಂದ ತೆಗೆದುಹಾಕಿ, ಎಳೆತವನ್ನು ಹೊರೆಯಾಗಿ ಸೇರಿಸಬೇಕು. ಟೆಸ್ಟ್ ಪೈಲಿಗೆ ಆ ಪದರದ ಉದ್ದಕ್ಕೆ ಹೊರಗೊಂದು ಕೇಸಿಂಗ್ ಇಟ್ಟು ಮಣ್ಣು ಮೈಗೆ ತಾಗದ ಹಾಗೆ ಮಾಡುವ ಕ್ರಮವೂ ಇದೆ. ಹಾಗಾಗಿ ನೀವು ಬಿಲ್ಡರಿಗೆ ನೇರವಾಗಿ ಕೇಳಿ: ಎಷ್ಟು ಮೀಟರ್ ತುಂಬಿದ್ದೀರಿ, ಯಾವಾಗ ತುಂಬಿದ್ದು, ನೆಗೆಟಿವ್ ಫ್ರಿಕ್ಷನ್ ಲೆಕ್ಕ ಹಿಡಿದಿದ್ದೀರಾ, ಸ್ಟ್ರಕ್ಚರಲ್ ಎಂಜಿನಿಯರ್ ಅದನ್ನು ಬರೆದು ಕೊಡುತ್ತಾರಾ. ಸರಿಯಾಗಿ ಕೆಲಸ ಮಾಡಿದ ಬಿಲ್ಡರ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ನಾಲ್ಕೈದು ಮನೆಯವರು ಸೇರಿ ಕೇಳಿದರೆ ಇನ್ನೂ ಒಳ್ಳೆಯದು. ರೇರಾ ಕಾಯ್ದೆ ಪ್ರಕಾರ ಕಟ್ಟಡದ ರಚನೆಯ ದೋಷಕ್ಕೆ ಬಿಲ್ಡರ್ ಹೊಣೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷ. ಕೆಸರಿನ ಕುಗ್ಗುವಿಕೆ ಅದಕ್ಕಿಂತ ನಿಧಾನವಾಗಿಯೂ ನಡೆಯಬಹುದು. ಆದ್ದರಿಂದ ಕೇಳುವುದನ್ನು ಈಗಲೇ ಕೇಳಿ.

ಇನ್ನೊಂದು. ನಿಯಮದ ಪ್ರಕಾರ ರೊಟೀನ್ ಟೆಸ್ಟ್ ಕನಿಷ್ಠ ಶೇ. 0.5 ಪೈಲುಗಳಿಗೆ ಸಾಕು. ನಿಮ್ಮ 200ಕ್ಕೆ ಒಂದೇ ಒಂದು! ಉಳಿದ 199ರ ಪರವಾಗಿ ಆ ಒಂದು ಮಾತಾಡುತ್ತದೆ. ಹಾಗಿರುವಾಗ ಆ ಒಂದನ್ನು ಯಾರು ಆರಿಸಿದರು? ಇದು ಮೊದಲೇ ಗೊತ್ತಿದ್ದರೆ ಆ ಪೈಲಿಗೆ ಗುಂಡಿ ಚೆನ್ನಾಗಿ ತೊಳೆಯುತ್ತಾರೆ, ಕಾಂಕ್ರೀಟ್ ತಡೆಯಿಲ್ಲದೆ ಬರುತ್ತದೆ, ಸೂಪರ್ವೈಸರ್ ಪಕ್ಕದಲ್ಲೇ ನಿಂತಿರುತ್ತಾರೆ. ಎಲ್ಲ ಪೈಲ್ ಹಾಕಿ ಮುಗಿದ ಮೇಲೆ ಮಾಲೀಕರ ಕಡೆಯ ಎಂಜಿನಿಯರ್ ಆರಿಸಬೇಕು ಎಂಬುದು ನನ್ನ ಹಟ. ಆರಿಸುವಾಗ ಪೈಲ್ ರಿಜಿಸ್ಟರ್ ಎದುರಿಗೆ ಇರಬೇಕು. ನಿಮ್ಮ ಪೈಲಿಗೆ ಲೆಕ್ಕದ ಪ್ರಕಾರ ಸುಮಾರು 5.7 ಘನ ಮೀಟರ್ ಕಾಂಕ್ರೀಟ್ ಬೇಕು. ಆರು ಚಿಲ್ಲರೆ ಹೋಗಿದ್ದರೆ ಸಹಜ. ಎಂಟು ಹೋಗಿದ್ದರೆ ಗುಂಡಿಯ ಗೋಡೆ ಕುಸಿದಿದೆ. ಐದಕ್ಕೇ ತುಂಬಿದ್ದರೆ ಎಲ್ಲೋ ಕುತ್ತಿಗೆ ಸಣ್ಣ ಆಗಿದೆ, ಇಲ್ಲವೇ ಆಳ ಕಡಿಮೆ. ಎರಡನೇ ಮಿಕ್ಸರ್ ಟ್ರಾಫಿಕ್‌ನಲ್ಲಿ ಸಿಕ್ಕಿ ಮಧ್ಯೆ ನಿಂತ ಪೈಲ್, ರಾತ್ರಿ ಮಳೆಯಲ್ಲಿ ಮುಗಿಸಿದ ಪೈಲ್, ಇಂಥವನ್ನೇ ಆರಿಸಿ ಭಾರ ಹಾಕಬೇಕು. ಅದು ತಡೆದುಕೊಂಡರೆ ಉಳಿದವುಗಳ ಬಗ್ಗೆ ಧೈರ್ಯ ಬರುತ್ತದೆ. ಮುಂದಿನ ಬ್ಲಾಕಿನ ಕೆಲಸ ಬಾಕಿ ಇದ್ದರೆ ಇನ್ನೂ ಎರಡು ಟೆಸ್ಟ್ ಕೇಳಲು ಸಂಕೋಚ ಬೇಡ.

ಪ್ರಶ್ನೆ: ನಮ್ಮ ಮನೆ ಕಾಂಪೌಂಡಿನ ಆಚೆ ಮರಳು ಮೂಟೆಯ ಗುಡ್ಡ ಕಟ್ಟಿದ್ದಾರೆ, ಎರಡು ಅಂತಸ್ತಿನಷ್ಟು ಎತ್ತರ. ಪೈಲ್ ಟೆಸ್ಟ್ ಅಂತೆ. ಮಕ್ಕಳು ಅಲ್ಲೇ ಆಡುತ್ತಾರೆ, ಭಯ ಆಗುತ್ತದೆ. ಅಷ್ಟು ಮೂಟೆ ಯಾಕೆ ಬೇಕು? (ಉಡುಪಿಯ ಓದುಗರು)

ಉತ್ತರ: ಭಯ ಸರಿಯಾಗಿಯೇ ಇದೆ. ಮಕ್ಕಳನ್ನು ಆ ಕಡೆ ಬಿಡಲೇಬೇಡಿ.

ಪೈಲಿಗೆ ಹಾಕುವ ಭಾರಕ್ಕಿಂತ ಮೇಲಿನ ರಾಶಿ ಶೇ. 25 ಜಾಸ್ತಿ ಇರಬೇಕು. ಇಲ್ಲದಿದ್ದರೆ ಜಾಕ್ ಒತ್ತಿದಾಗ ರಾಶಿಯೇ ಮೇಲೆದ್ದು ವಾಲುತ್ತದೆ. 70 ಟನ್ನಿನ ಪೈಲ್ ಅಂತ ಇಟ್ಟುಕೊಳ್ಳಿ. ಒಂದೂವರೆ ಪಟ್ಟು ಅಂದರೆ 105 ಟನ್. ಅದರ ಮೇಲೆ ಕಾಲು ಭಾಗ ಸೇರಿಸಿದರೆ 131 ಟನ್. 50 ಕೆ.ಜಿ.ಯ ಮೂಟೆಯಾದರೆ 2,600ಕ್ಕೂ ಜಾಸ್ತಿ. ಗರ್ಡರುಗಳ ತೂಕ ಕಳೆದರೂ ಮೂಟೆ ಎರಡು ಸಾವಿರದ ಮೇಲೆಯೇ ಉಳಿಯುತ್ತದೆ.

ಜಾಕ್ ಒತ್ತುವ ಮೊದಲು ಇಷ್ಟೂ ಭಾರ ನಿಂತಿರುವುದು ಎರಡು ಬದಿಯ ಅಟ್ಟಣೆಯ ಕಾಲುಗಳ ಮೇಲೆ, ಅಂದರೆ ಮೇಲ್ಮಣ್ಣಿನ ಮೇಲೆ. ಅಪಾಯ ಅಲ್ಲೇ. ಒಂದು ರಾತ್ರಿ ಜೋರು ಮಳೆ ಬಂದರೆ ಮೂಟೆ ನೀರು ಕುಡಿದು ಭಾರ ಏರುತ್ತದೆ, ಕೆಳಗಿನ ಮಣ್ಣು ಮೆತ್ತಗಾಗುತ್ತದೆ. ಒಂದು ಬದಿ ಕೂತರೆ ಇಡೀ ರಾಶಿ ಆ ಕಡೆಗೆ ಬೀಳುತ್ತದೆ. ಮಳೆಗಾಲದಲ್ಲಿ ಮೂಟೆ ರಾಶಿಯ ಟೆಸ್ಟ್ ಬೇಡ ಎಂದು ನಾನು ಪ್ರತಿ ಸೈಟಿನಲ್ಲೂ ಹೇಳುತ್ತೇನೆ. ಮಾಡಲೇಬೇಕಾದರೆ ಕಾಂಕ್ರೀಟ್ ಬ್ಲಾಕ್ ಬಳಸಲಿ, ಅಥವಾ ಆಂಕರ್ ಹಾಕಿ ನೆಲಕ್ಕೇ ಕಟ್ಟಿ ಒತ್ತಲಿ. ನೀವು ಸೈಟ್ ಎಂಜಿನಿಯರನ್ನು ಕಂಡು, ರಾಶಿಯ ಎತ್ತರದಷ್ಟಾದರೂ ದೂರಕ್ಕೆ ಬೇಲಿ ಹಾಕಲು ಹೇಳಿ. ನಿಮ್ಮ ಕಾಂಪೌಂಡ್ ಆ ದೂರದ ಒಳಗೇ ಬಂದರೆ ರಾಶಿಯನ್ನೇ ಬೇರೆ ಪೈಲಿನ ಮೇಲೆ ಹಾಕಬೇಕು. ಇದನ್ನು ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಬರವಣಿಗೆಯಲ್ಲಿ ಕೊಡಿ.

ಪ್ರಶ್ನೆ: ನಾನು ಹೊಸದಾಗಿ ಸೇರಿದ ಸೈಟ್ ಎಂಜಿನಿಯರ್. ಎಲ್ಲ ಪೈಲಿಗೂ ಇಂಟಿಗ್ರಿಟಿ ಟೆಸ್ಟ್ ಮಾಡಿಸಿದ್ದೇವೆ, ಎಲ್ಲ ಓಕೆ. ಇನ್ನು ಲೋಡ್ ಟೆಸ್ಟ್ ಯಾಕೆ, ಖರ್ಚು ದಂಡ ಅನ್ನುತ್ತಾರೆ ನಮ್ಮ ಸೀನಿಯರ್. ಸರಿಯೇ? (ಬೆಂಗಳೂರಿನ ಓದುಗರು)

ಉತ್ತರ: ಸರಿಯಲ್ಲ. ನಿಮ್ಮ ಸೀನಿಯರಿಗೆ ಗೌರವದಿಂದಲೇ, ಆದರೆ ಸ್ಪಷ್ಟವಾಗಿ ಹೇಳಿ.

ಇಂಟಿಗ್ರಿಟಿ ಟೆಸ್ಟ್ ಅಂದರೆ ತೆಂಗಿನಕಾಯಿ ತಟ್ಟಿ ನೋಡಿದ ಹಾಗೆ. ಪೈಲಿನ ತಲೆಗೆ ಸಣ್ಣ ಸುತ್ತಿಗೆಯಿಂದ ಹೊಡೆದರೆ ಅಲೆ ಕೆಳಗೆ ಹೋಗಿ ಬುಡಕ್ಕೆ ಬಡಿದು ವಾಪಸ್ ಬರುತ್ತದೆ. ಒಳ್ಳೆಯ ಕಾಂಕ್ರೀಟಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 4,000 ಮೀಟರ್. 20 ಮೀಟರ್ ಪೈಲಾದರೆ ಹೋಗಿ ಬರಲು 10 ಮಿಲಿಸೆಕೆಂಡ್. ಅದಕ್ಕಿಂತ ಮೊದಲೇ ಮರುದನಿ ಬಂದರೆ ಮಧ್ಯೆ ಏನೋ ಆಗಿದೆ ಅಂತ ಅರ್ಥ. ಇದಕ್ಕೂ ನಮ್ಮಲ್ಲಿ ಐಎಸ್ 14893 ಇದೆ, 2001ರದ್ದು. ಅಗ್ಗ, ಬೇಗ, ಒಂದು ದಿನದಲ್ಲಿ ಹತ್ತಾರು ಪೈಲ್ ಮುಗಿಯುತ್ತವೆ. ಎಲ್ಲ ಪೈಲಿಗೂ ಮಾಡಿಸಿದ್ದು ಒಳ್ಳೆಯ ಕೆಲಸ.

ಆದರೆ ಅದು ಹೇಳುವುದು ಕಾಂಕ್ರೀಟಿನ ಕಥೆ ಮಾತ್ರ, ಮಣ್ಣಿನದ್ದಲ್ಲ. ಬುಡದಲ್ಲಿ ಒಂದಡಿ ಕೆಸರು ಬಿಟ್ಟು ಅದರ ಮೇಲೆ ಕಾಂಕ್ರೀಟ್ ಸುರಿದಿದ್ದರೂ ಪೈಲ್ ಒಂದೇ ತುಂಡಾಗಿ ಇರುತ್ತದೆ, ಓಕೆ ಅಂತಲೇ ಬರುತ್ತದೆ. ಭಾರ ಹಾಕಿದಾಗ ಮಾತ್ರ ಗೊತ್ತಾಗುತ್ತದೆ. ಮೊದಲ ಕೆಲವು ಹಂತ ಮೈಯ ಹಿಡಿತದಲ್ಲಿ ನಿಲ್ಲುತ್ತದೆ, ಆ ಹಿಡಿತ ಮುಗಿದ ಕೂಡಲೇ ಗ್ರಾಫ್ ಕಡಿದಾಗಿ ಕೆಳಕ್ಕೆ ಹೋಗುತ್ತದೆ. ಆ ತಿರುವು ನೋಡಿದರೆ ಸಾಕು, ಗುಂಡಿ ತೊಳೆಯಲು ಎಷ್ಟು ಅವಸರ ಮಾಡಿದ್ದಾರೆ ಅಂತ ಹೇಳಬಹುದು. ಬೆಂಟೊನೈಟ್ (ಗುಂಡಿಯ ಗೋಡೆ ಕುಸಿಯದಂತೆ ತುಂಬುವ ಜೇಡಿ ನೀರು) ಹರಿಸಿ ತೊಳೆದ ಮೇಲೆ ಕಬ್ಬಿಣದ ಸರಳುಗಳ ಕೇಜ್ ಇಳಿಸುತ್ತಾರೆ. ಕೇಜ್ ಇಳಿಯುವಾಗ ಗೋಡೆಯಿಂದ ಮತ್ತೆ ಮಣ್ಣು ಉದುರುತ್ತದೆ. ಬುಡದವರೆಗೆ ಇಳಿಯುವ ಟ್ರೆಮಿ ಪೈಪ್ ಹಾಕಿ ಕಾಂಕ್ರೀಟ್ ಬಿಡುವ ಮೊದಲು ಇನ್ನೊಮ್ಮೆ ತೊಳೆದು, ಹಗ್ಗಕ್ಕೆ ತೂಕ ಕಟ್ಟಿ ಆಳ ಅಳೆಯಬೇಕು. ಆ ಹಗ್ಗ ನಿಮ್ಮ ಕೈಯಲ್ಲೇ ಇರಲಿ, ಬೇರೆಯವರ ಬಾಯಿಂದ ಬಂದ ಅಳತೆ ರಿಜಿಸ್ಟರಿಗೆ ಬರೆಯಬೇಡಿ.

ಖರ್ಚೇ ಸಮಸ್ಯೆ ಆದರೆ ನಡುವಿನ ದಾರಿ ಪಿಡಿಎ, ಅಂದರೆ ದೊಡ್ಡ ತೂಕ ಬೀಳಿಸಿ ಮಾಡುವ ಡೈನಾಮಿಕ್ ಟೆಸ್ಟ್. ನೋಡಬೇಕಾದ ಭಾರದ ಶೇ. 1ರಿಂದ 2ರಷ್ಟು ತೂಕದ ಸುತ್ತಿಗೆ ಸಾಕು. ಪೈಲಿನ ಮೈಗೆ ಅಂಟಿಸಿದ ಸೆನ್ಸರುಗಳಿಂದ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಹೊಡೆತ. ಅದೇ ಸೈಟಿನಲ್ಲಿ ಒಂದಾದರೂ ಮೂಟೆ ಟೆಸ್ಟ್ ಮಾಡಿ ತಾಳೆ ನೋಡದೆ ಬರೀ ಪಿಡಿಎ ಅಂಕಿಯನ್ನು ನಾನು ನಂಬುವುದಿಲ್ಲ.

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೋದ ಮಿಲೇನಿಯಂ ಟವರ್ ಪೈಲ್ ಮೇಲೆ ಕಟ್ಟಿದರೂ ಯಾಕೆ ನೆಲದೊಳಕ್ಕೆ ಇಳಿಯಿತು? ಒಂದೊಂದು ಪೈಲೂ ಗಟ್ಟಿ ಇದ್ದರೆ ಕಟ್ಟಡ ಹೇಗೆ ಇಳಿಯುತ್ತದೆ? (ಸಿವಿಲ್ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಒಳ್ಳೆಯ ಪ್ರಶ್ನೆ ಕಣಮ್ಮ. ಆ ಟವರಿಗೆ 58 ಅಂತಸ್ತು, 2009ರಲ್ಲಿ ತೆರೆಯಿತು. 2016ರ ಹೊತ್ತಿಗೆ ಸುಮಾರು 40 ಸೆಂ.ಮೀ. ಇಳಿದು ಒಂದು ಕಡೆಗೆ ವಾಲಿದೆ ಅಂತ ಜಗಜ್ಜಾಹೀರಾಯಿತು. ಕೆಳಗೆ 900ಕ್ಕೂ ಜಾಸ್ತಿ ಪೈಲ್ ಇವೆ. ಅವು ನಿಂತಿದ್ದು ಬಂಡೆಯ ಮೇಲಲ್ಲ, ಗಟ್ಟಿ ಮರಳಿನ ಪದರದಲ್ಲಿ. ಬಂಡೆ ಇರುವುದು 60 ಮೀಟರಿಗೂ ಕೆಳಗೆ. ಮರಳಿಗೂ ಬಂಡೆಗೂ ನಡುವೆ ಹಳೆಯ ಜೇಡಿಮಣ್ಣಿನ ದಪ್ಪ ಪದರ.

ಒಂದೇ ಪೈಲಿಗೆ ಭಾರ ಹಾಕಿದರೆ ಅದರ ಒತ್ತಡ ಬುಡದಿಂದ ಸ್ವಲ್ಪ ಕೆಳಗೆ ಹೋಗುವಷ್ಟರಲ್ಲಿ ಹರಡಿ ಕರಗಿಬಿಡುತ್ತದೆ, ಆ ಜೇಡಿಮಣ್ಣಿಗೆ ತಲುಪುವುದೇ ಇಲ್ಲ. ನೂರಾರು ಪೈಲ್ ಒಟ್ಟಿಗೆ ಒತ್ತಿದರೆ ಎಲ್ಲದರ ಒತ್ತಡ ಒಂದರ ಮೇಲೊಂದು ಸೇರಿ, ಇಡೀ ಕಟ್ಟಡದ ಅಗಲಕ್ಕೆ ತಕ್ಕಷ್ಟು ಆಳಕ್ಕೆ ಇಳಿಯುತ್ತದೆ. ಜೇಡಿಮಣ್ಣು ನಿಧಾನವಾಗಿ ನೀರು ಬಿಟ್ಟು ಕುಗ್ಗುತ್ತದೆ. ಪಕ್ಕದ ಕಾಮಗಾರಿಯವರು ಅಂತರ್ಜಲ ಎತ್ತಿದ್ದೇ ಕಾರಣ ಎಂಬ ವಾದವೂ ಕೋರ್ಟಿನವರೆಗೆ ಹೋಯಿತು. ಕೊನೆಗೆ ಕಟ್ಟಡದ ಎರಡು ಬದಿಯಲ್ಲಿ ಬಂಡೆಯವರೆಗೆ 18 ಹೊಸ ಪೈಲ್ ಇಳಿಸಿ, 2023ರಲ್ಲಿ ಆ ಕೆಲಸ ಮುಗಿಸಿದರು.

ಒಂಟಿ ಪೈಲಿನ ಟೆಸ್ಟಿಗೂ ಗುಂಪಿನ ಇಳಿತಕ್ಕೂ ಇಷ್ಟು ದೂರ. ಮಣ್ಣು ಪರೀಕ್ಷೆಯ ಬೋರ್‌ಹೋಲನ್ನು ಪೈಲ್ ಬುಡಕ್ಕೇ ನಿಲ್ಲಿಸದೆ ಇನ್ನೂ ಕೆಳಗೆ ಕೊರೆಯಬೇಕು ಎಂದು ಹೇಳುವುದು ಅದಕ್ಕೇ. 2009ರಲ್ಲೇ ಶಾಂಘೈನಲ್ಲಿ 13 ಅಂತಸ್ತಿನ ಒಂದು ಹೊಸ ಕಟ್ಟಡ ಮಗುಚಿ ಬಿದ್ದದ್ದನ್ನೂ ಓದಿ. ಒಂದು ಬದಿ ಗ್ಯಾರೇಜಿಗೆ ಅಗೆದು, ಇನ್ನೊಂದು ಬದಿ ಆ ಮಣ್ಣು ರಾಶಿ ಹಾಕಿದ್ದರು. ಅಡ್ಡ ಒತ್ತಡಕ್ಕೆ ಪೈಲುಗಳು ತುಂಡಾದವು. ಮೇಲಿನಿಂದ ಭಾರ ಹಾಕಿ ನೋಡುವ ಟೆಸ್ಟಿಗೆ ಅದೂ ಸಿಗುವುದಿಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ 30×40 ಸೈಟು, ಕಪ್ಪು ಮಣ್ಣು. ಪೈಲ್ ಹಾಕಿಸಿ ಅನ್ನುತ್ತಾರೆ. ಲೋಡ್ ಟೆಸ್ಟ್ ಮಾಡಿಸಬೇಕಾ?

ಉತ್ತರ: ಬರೀ ನೆಲ ಮತ್ತು ಒಂದನೇ ಮಹಡಿಯ ಮನೆಯಾದರೆ ಆ ಖರ್ಚು ಬೇಡ. ಕಪ್ಪು ಮಣ್ಣಿಗೆ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐ ರೂಪಿಸಿದ ಅಂಡರ್‌ರೀಮ್ಡ್ ಪೈಲ್ ಇದೆ. ಬುಡದಲ್ಲಿ ಕಾಂಡದ ಎರಡೂವರೆ ಪಟ್ಟು ಅಗಲದ ಗಡ್ಡೆ ಇರುತ್ತದೆ. ಯಾವ ಅಳತೆಯ ಪೈಲ್ ಎಷ್ಟು ಹೊರುತ್ತದೆ ಎಂಬ ಕೋಷ್ಟಕ ಐಎಸ್ 2911ರ ಮೂರನೇ ಭಾಗದಲ್ಲೇ ಇದೆ. ಆಳ ಮೂರೂವರೆ ಮೀಟರಿಗೆ ಕಡಿಮೆ ಬೇಡ, ಮಣ್ಣು ಉಬ್ಬಿ ಕುಗ್ಗುವ ಪದರ ಅದರ ಮೇಲೆಯೇ ಇರುತ್ತದೆ. ಟೆಸ್ಟಿನ ದುಡ್ಡು ಉಳಿಸಿ ಒಂದು ಮಣ್ಣು ಪರೀಕ್ಷೆ ಮಾಡಿಸಿ. ಪೈಲ್ ಮೇಲೆ ಹೋಗುವ ಬೀಮನ್ನು ನೆಲಕ್ಕೆ ತಾಗಿಸಬೇಡಿ, ಕೆಳಗೆ 80 ಮಿ.ಮೀ. ಜಾಗ ಖಾಲಿ ಬಿಡಿ. ಮಳೆಗೆ ಉಬ್ಬಿದ ಮಣ್ಣು ಆ ಖಾಲಿಗೆ ಬರಲಿ, ಬೀಮನ್ನು ಎತ್ತದಿರಲಿ. ಗಾರೆಯವರು ಅಲ್ಲಿ ಇಟ್ಟಿಗೆ ಚೂರು ತುರುಕದ ಹಾಗೆ ನೋಡಿಕೊಳ್ಳಿ.